ಕ್ಷಮೆ ಪಡೆದವನ ನೆನಪು

ಕನ್ನಡ ನಾಡಿನ ಕ್ರೈಸ್ತ ಸಭೆಗಳಲ್ಲಿ ಬೆಳೆದವರ ನೆನಪನ್ನು ಕೆದಕಿದರೆ ತಳದಲ್ಲಿ ಸಿಗುವುದು ಎರಡು ಮಾತು: ಪಾಪ ಮತ್ತು ಕೃಪೆ. ಭಾನುವಾರದ ಆರಾಧನೆಯಲ್ಲಿ ಎಲ್ಲರೂ ಒಟ್ಟಾಗಿ ಪಾಪದ ಅರಿಕೆ ಮಾಡುತ್ತಾರೆ, ಅದರ ಬೆನ್ನಿಗೇ ಸಭಾಪಾಲಕರು ಕ್ಷಮೆಯ ವಾಕ್ಯ ಹೇಳುತ್ತಾರೆ. ತಪಸ್ಸುಕಾಲದ ನಲವತ್ತು ದಿನ ಇದೇ ಮಾತು, ಶುಭಶುಕ್ರವಾರದ ಸಂದೇಶದಲ್ಲೂ ಇದೇ ಮಾತು. ಅರ್ಥವಾಗುವ ವಯಸ್ಸಿಗೆ ಮುಂಚೆಯೇ ನಾಲಿಗೆಗೆ ರೂಢಿಯಾದ ಮಾತುಗಳಿವು. ರೂಢಿಯಾದ ಮಾತಿಗೆ ಒಂದು ಅಪಾಯವಿದೆ. ಅದು ನಿಜವೇ ಎಂದು ಕೇಳುವುದನ್ನು ನಾವು ಬಿಟ್ಟುಬಿಡುತ್ತೇವೆ. ಆ ಪ್ರಶ್ನೆಯನ್ನು ನಮಗಾಗಿ ಕೇಳುವವರು ಸಭೆಯ ಹೊರಗಿನವರು. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ಬದುಕಿರುವ ನಾಡಿನಲ್ಲಿ, ನಿಮ್ಮ ದೇವರು ಎಲ್ಲವನ್ನೂ ಕ್ಷಮಿಸಿಬಿಡುತ್ತಾನಂತೆ, ಹಾಗಿದ್ದರೆ ಮಾಡಿದ ತಪ್ಪಿನ ಗತಿಯೇನು ಎಂದು ಕೇಳುವುದು ಸಹಜ, ನ್ಯಾಯವೂ ಹೌದು. ಕೃಪೆಯೆಂದರೆ ಹಿಂದಿನದನ್ನು ಅಳಿಸಿಹಾಕುವುದು, ಕ್ಷಮೆ ಸಿಕ್ಕಿದವನು ನಿನ್ನೆಯನ್ನು ಮರೆತು ಹಗುರಾಗಿ ನಡೆಯುವವನು ಎಂಬ ತಿಳಿವಳಿಕೆ ಆ ಪ್ರಶ್ನೆಯ ಹಿಂದಿದೆ. ಸಭೆಯ ಒಳಗೂ ಹಾಗೆ ತಿಳಿದವರು ಕಡಿಮೆಯಿಲ್ಲ. ಎಷ್ಟೋ ವರ್ಷ ಈ ಬೋಧನೆಯ ಜೊತೆಗೇ ಬದುಕಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇದಕ್ಕೆ ಪೂರಾ ವಿರುದ್ಧವಾದದ್ದು. ಕೃಪೆ ಮರೆವನ್ನು ಕೊಡುವುದಿಲ್ಲ. ತನ್ನ ಪಾಪವನ್ನು ಇದ್ದದ್ದು ಇದ್ದಂತೆ ನೆನಪಿಟ್ಟುಕೊಳ್ಳುವ ಧೈರ್ಯವನ್ನು ಅದು ಕೊಡುತ್ತದೆ. ಈ ಮಾತಿಗೆ ಸಾಕ್ಷಿಯಾಗಿ ಹದಿನೆಂಟನೆಯ ಶತಮಾನದ ಒಬ್ಬ ಇಂಗ್ಲಿಷ್ ನಾವಿಕನ ಬದುಕನ್ನು ಇಲ್ಲಿ ತೆಗೆದುಕೊಳ್ಳುತ್ತೇನೆ. ಅವನು ಜಾನ್ ನ್ಯೂಟನ್, ಲೋಕವೆಲ್ಲ ಹಾಡುವ ‘ಅಮೇಜಿಂಗ್ ಗ್ರೇಸ್’ ಗೀತೆಯನ್ನು ಬರೆದವನು.

ಮೊದಲು ಬೋಧನೆಯನ್ನೇ ಸ್ಪಷ್ಟಪಡಿಸಿಕೊಳ್ಳೋಣ. ಅಪೊಸ್ತಲ ಪೌಲ ರೋಮಾಪುರದ ಸಭೆಗೆ ಬರೆದ ಪತ್ರಿಕೆಯಲ್ಲಿ ಪಾಪವೆಂದರೆ ಕೆಟ್ಟ ಕೆಲಸಗಳ ಪಟ್ಟಿ ಮಾತ್ರವಲ್ಲ. ಅದು ಮನುಷ್ಯನನ್ನು ಆಳುವ ಒಂದು ಅಧಿಕಾರ. ಮನುಷ್ಯ ಅದಕ್ಕೆ ದಾಸನಾಗಿದ್ದಾನೆ, ಒಳ್ಳೆಯದು ಯಾವುದೆಂದು ತಿಳಿದ ಮೇಲೂ ಅದನ್ನು ಮಾಡಲಾರದವನಾಗಿದ್ದಾನೆ. ಅವನ ತಿಳಿವಳಿಕೆಯೇ ಮಂಕಾಗಿದೆ ಎಂದೂ ಪೌಲ ಅದೇ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ ಹೇಳುತ್ತಾನೆ. ಆದ್ದರಿಂದ ಬಿಡುಗಡೆ ಮನುಷ್ಯನ ಕಡೆಯಿಂದ ಶುರುವಾಗುವಂತಿಲ್ಲ. ನಾವು ಸರಿಹೋದ ಮೇಲೆ ದೇವರು ನಮ್ಮನ್ನು ಪ್ರೀತಿಸಲಿಲ್ಲ. ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಸತ್ತನು ಎಂಬುದು ಐದನೆಯ ಅಧ್ಯಾಯದ ತಿರುಳು. ಈ ಕೃಪೆಯನ್ನು ಸಂಪಾದಿಸಲು ಸಾಧ್ಯವಿಲ್ಲ, ನಂಬಿಕೆಯಿಂದ ಕೈಯೊಡ್ಡಿ ತೆಗೆದುಕೊಳ್ಳಬಹುದು. ತೆಗೆದುಕೊಂಡವನು ಹೊಸ ಸೃಷ್ಟಿ, ಅವನದು ಹೊಸ ಜೀವ. ಇಲ್ಲಿ ಅನುಕ್ರಮವನ್ನು ಗಮನಿಸಬೇಕು. ಪಾಪ ಪೂರ್ತಿ ಅರ್ಥವಾದ ಮೇಲೆ ಕ್ಷಮೆ ಎಂದು ಪೌಲ ಹೇಳುವುದಿಲ್ಲ. ಕುರುಡನಿಗೆ ತನ್ನ ಕುರುಡಿನ ಅಳತೆ ಗೊತ್ತಿರುವುದು ಹೇಗೆ? ಕ್ಷಮೆ ಮೊದಲು ಬರುತ್ತದೆ, ಪಾಪದ ಪೂರ್ಣ ದರ್ಶನ ಆಮೇಲೆ, ಬಹಳ ಸಲ ತಡವಾಗಿ. ನ್ಯೂಟನ್ ಬದುಕು ಮುಖ್ಯವಾಗುವುದು ಈ ಅನುಕ್ರಮವನ್ನು ಅದು ತೋರಿಸಿಕೊಡುವುದರಿಂದ.

ನ್ಯೂಟನ್ ಹುಟ್ಟಿದ್ದು 1725ರಲ್ಲಿ, ಲಂಡನ್ನಿನ ವಾಪಿಂಗ್‌ನಲ್ಲಿ. ತಂದೆ ಹಡಗಿನ ಕಪ್ತಾನ. ತಾಯಿ ಭಕ್ತೆ, ಮಗನಿಗೆ ಸತ್ಯವೇದ ಕಲಿಸಿದವಳು. ಅವನಿಗೆ ಏಳು ತುಂಬುವ ಮೊದಲೇ ಕ್ಷಯದಿಂದ ತೀರಿಕೊಂಡಳು. ಹನ್ನೊಂದನೆಯ ವಯಸ್ಸಿಗೆ ಹುಡುಗ ಸಮುದ್ರಕ್ಕೆ ಇಳಿದ. ಮುಂದೆ ಅವನನ್ನು ಬಲವಂತವಾಗಿ ರಾಜನೌಕಾಪಡೆಗೆ ಹಿಡಿದೊಯ್ದರು. ಅಲ್ಲಿಂದ ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದು ಚಾಟಿಯೇಟು ತಿಂದ, ಪದವಿ ಕಳೆದುಕೊಂಡ. ಆಮೇಲೆ ಗುಲಾಮರ ವ್ಯಾಪಾರದ ಹಡಗು ಸೇರಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ತೀರಕ್ಕೆ ಬಂದ. ಅಲ್ಲಿ ಒಬ್ಬ ಬಿಳಿಯ ವ್ಯಾಪಾರಿಯ ಕೈಕೆಳಗೆ ಹಸಿವು, ಜ್ವರ, ಅವಮಾನಗಳಲ್ಲಿ ನರಳಿದ. ದೇವದೂಷಣೆಯಲ್ಲಿ ನಾವಿಕರೇ ಕಿವಿ ಮುಚ್ಚಿಕೊಳ್ಳುವಂಥ ಬಾಯಿ ಅವನದಾಗಿತ್ತು. 1748ರ ಮಾರ್ಚ್‌ನಲ್ಲಿ, ಗ್ರೇಹೌಂಡ್ ಎಂಬ ಹಡಗಿನಲ್ಲಿ ಊರಿಗೆ ಮರಳುವಾಗ, ಅಟ್ಲಾಂಟಿಕ್ ಬಿರುಗಾಳಿ ಹಡಗನ್ನು ಸೀಳಿಹಾಕಿತು. ಮುಳುಗುವುದೇ ಖಂಡಿತ ಎಂದಾಗ ಅವನ ಬಾಯಿಂದ ತಾನಾಗಿ ಹೊರಟದ್ದು ದೇವರ ಕರುಣೆಯನ್ನು ಬೇಡುವ ಮಾತು. ಎಷ್ಟೋ ವರ್ಷಗಳ ನಂತರ ಆ ಬಾಯಿ ಆಡಿದ ಅಂಥ ಮೊದಲ ಮಾತು ಅದು. ಹಡಗು ಹೇಗೋ ಐರ್ಲೆಂಡಿನ ದಡ ಮುಟ್ಟಿತು. ಬಿರುಗಾಳಿಯ ಆ ದಿನವನ್ನು ಅವನು ಸಾಯುವವರೆಗೆ ವರ್ಷ ವರ್ಷವೂ ಪ್ರಾರ್ಥನೆಯಿಂದ ಆಚರಿಸಿದ. ಸಾಮಾನ್ಯವಾಗಿ ಪ್ರಸಂಗಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ: ಪಾಪಿ ಕೂಗಿದ, ದೇವರು ಕೇಳಿದ, ಹೊಸ ಮನುಷ್ಯ ಹುಟ್ಟಿದ. ಆದರೆ ಕಥೆಯ ಕಠಿಣ ಭಾಗ ಶುರುವಾಗುವುದೇ ಇಲ್ಲಿ.

ಬಿರುಗಾಳಿಯಿಂದ ಪಾರಾದ ನ್ಯೂಟನ್ ಗುಲಾಮರ ವ್ಯಾಪಾರ ಬಿಡಲಿಲ್ಲ, ಅದರಲ್ಲಿ ಮೇಲೇರಿದ. ಅದೇ ವರ್ಷ ಗುಲಾಮರ ಹಡಗೊಂದರಲ್ಲಿ ಕಪ್ತಾನನ ಕೈಕೆಳಗಿನ ಮೊದಲ ಅಧಿಕಾರಿಯಾದ. 1750ರಿಂದ 1754ರವರೆಗೆ ಮೂರು ಯಾನಗಳಲ್ಲಿ ತಾನೇ ಕಪ್ತಾನನಾಗಿ ಆಫ್ರಿಕಾದ ಜನರನ್ನು ಕೊಂಡು, ಸಂಕೋಲೆ ಹಾಕಿ, ಅಟ್ಲಾಂಟಿಕ್ ದಾಟಿಸಿ ಮಾರಿದ. ಆ ದಿನಗಳ ಅವನ ದಿನಚರಿ ಉಳಿದುಬಂದಿದೆ. ಅದರಲ್ಲಿ ಗಾಳಿಯ ದಿಕ್ಕು, ಸರಕಿನ ಲೆಕ್ಕಗಳ ನಡುವೆ ಸತ್ತವರ ದಾಖಲೆಯಿದೆ. ಅವರಿಗೆ ಹೆಸರಿಲ್ಲ, ನಂಬರಿದೆ. ದಂಗೆಯ ಅನುಮಾನ ಬಂದಾಗ ಹುಡುಗರ ಹೆಬ್ಬೆರಳನ್ನು ತಿರುಪಿನ ಉಪಕರಣದಲ್ಲಿ ಹಿಂಡಿ ಬಾಯಿಬಿಡಿಸಿದ್ದೂ ಅಲ್ಲಿದೆ. ಅದೇ ಹಡಗಿನ ಮೇಲೆ ಭಾನುವಾರಗಳಂದು ನಾವಿಕರನ್ನು ಸೇರಿಸಿ ಪ್ರಾರ್ಥನೆ ನಡೆಸಿದವನೂ ಅವನೇ. ಮೇಲಿನ ಹಲಗೆಯ ಮೇಲೆ ಪ್ರಾರ್ಥನೆ, ಕೆಳಗಿನ ಕತ್ತಲಲ್ಲಿ ಸರಪಳಿ ತೊಟ್ಟವರು. 1754ರಲ್ಲಿ ಅವನು ಸಮುದ್ರ ಬಿಟ್ಟದ್ದು ಮನಸ್ಸಾಕ್ಷಿ ಚುಚ್ಚಿದ್ದರಿಂದಲ್ಲ, ಒಮ್ಮೆ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪಿ ಬಿದ್ದದ್ದರಿಂದ. ಹತ್ತು ವರ್ಷಗಳಾದ ಮೇಲೆ, 1764ರಲ್ಲಿ, ತನ್ನ ಬದುಕಿನ ಕಥೆಯನ್ನು ಪ್ರಕಟಿಸಿದಾಗ ಅವನು ಅರಿಕೆ ಮಾಡಿಕೊಂಡ ದೊಡ್ಡ ಪಾಪಗಳು ದೇವದೂಷಣೆ, ದುರ್ನಡತೆ, ಅವಿಶ್ವಾಸ. ಗುಲಾಮರ ವ್ಯಾಪಾರದ ಬಗ್ಗೆ ಅವನು ಹೇಳಿದ್ದಿಷ್ಟು: ಸೆರೆಮನೆಯ ಕಾವಲುಗಾರನಂಥ ಆ ಕೆಲಸ ಮನಸ್ಸಿಗೆ ಹಿತವಾಗಿರಲಿಲ್ಲ, ಆದರೆ ಅದು ನ್ಯಾಯವಲ್ಲವೆಂಬ ಸಂಶಯ ಆಗ ತನಗೆ ಬರಲೇ ಇಲ್ಲ. ಅದನ್ನು ದೇವರು ತನಗೆ ಗೊತ್ತುಮಾಡಿದ ಉದ್ಯೋಗವೆಂದೇ ಅವನು ತಿಳಿದಿದ್ದ.

ಇದನ್ನು ಓದಿದವರು ಎರಡು ರೀತಿ ತೀರ್ಮಾನಿಸುತ್ತಾರೆ. ಅವನ ಮನಪರಿವರ್ತನೆಯೇ ಬೂಟಾಟಿಕೆ ಎಂಬುದು ಒಂದು. ಪಾಪ, ಅವನ ಕಾಲ ಹಾಗಿತ್ತು, ಅವನಿಗೆ ತಿಳಿಯಲು ದಾರಿಯೇ ಇರಲಿಲ್ಲ ಎಂಬುದು ಇನ್ನೊಂದು. ಎರಡನೆಯದನ್ನು ಮೊದಲು ನೋಡೋಣ, ಏಕೆಂದರೆ ಅದು ಕೇಳುವುದಕ್ಕೆ ಉದಾರವಾದರೂ ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. 1688ರಲ್ಲೇ ಪೆನ್ಸಿಲ್ವೇನಿಯಾದ ಜರ್ಮನ್‌ಟೌನಿನ ಕ್ವೇಕರ್ ಪಂಥದ ಕೆಲವು ಕ್ರೈಸ್ತರು ಗುಲಾಮಗಿರಿಯನ್ನು ಲಿಖಿತವಾಗಿ ಪ್ರತಿಭಟಿಸಿದ್ದರು. ಜಾನ್ ವೂಲ್‌ಮನ್ ಎಂಬ ನ್ಯೂಜೆರ್ಸಿಯ ದರ್ಜಿ ಗುಲಾಮರನ್ನು ಇಟ್ಟುಕೊಳ್ಳುವುದರ ವಿರುದ್ಧ ತನ್ನ ಪ್ರಬಂಧವನ್ನು ಪ್ರಕಟಿಸಿದ್ದು 1754ರಲ್ಲಿ, ನ್ಯೂಟನ್ ಕೊನೆಯ ಯಾನ ಮುಗಿಸಿದ ವರ್ಷವೇ. ಇಬ್ಬರೂ ಓದಿದ್ದು ಒಂದೇ ಸತ್ಯವೇದ. ಜಾನ್ ವೆಸ್ಲಿ ಗುಲಾಮಗಿರಿಯ ವಿರುದ್ಧ ಬರೆದದ್ದು 1774ರಲ್ಲಿ. ಇವರೆಲ್ಲರಿಗಿಂತ ಮೊದಲೇ ಅದು ಅನ್ಯಾಯವೆಂದು ತಿಳಿದವರು ಹಡಗಿನ ಒಡಲಲ್ಲಿದ್ದರು. ಅವರಿಗೆ ಯಾರೂ ಪ್ರಬಂಧ ಬರೆದು ತಿಳಿಸಬೇಕಾಗಿರಲಿಲ್ಲ. ಹಾಗಾಗಿ ಕಾಲದ ಮೇಲೆ ಹೊರೆ ಹೊರಿಸಿ ಕೈತೊಳೆದುಕೊಳ್ಳಲಾಗದು. ಕಾನೂನು ಒಪ್ಪಿತ್ತು, ಊರು ಗೌರವಿಸುತ್ತಿತ್ತು, ಲಾಭ ಬರುತ್ತಿತ್ತು. ಆದ್ದರಿಂದ ಕಣ್ಣೆದುರಿಗಿದ್ದದ್ದೂ ಕಾಣಲಿಲ್ಲ. ಕ್ರೈಸ್ತ ಬೋಧನೆ ಪಾಪವೆಂದು ಕರೆಯುವುದು ಈ ಕಾಣದಿರುವಿಕೆಯನ್ನೂ ಸೇರಿಸಿಯೇ. ಪಾಪವನ್ನು ಬರೀ ನಿಯಮ ಮುರಿಯುವುದು ಎಂದುಕೊಂಡರೆ ನ್ಯೂಟನ್ ಕಪ್ತಾನಗಿರಿಯಲ್ಲಿ ಪಾಪವೇ ಇರಲಿಲ್ಲ, ಅವನು ಯಾವ ಕಾನೂನನ್ನೂ ಮುರಿದಿರಲಿಲ್ಲ. ಪೌಲ ಹೇಳುವ ಆಳದಲ್ಲಿ ಪಾಪವನ್ನು ಅರ್ಥಮಾಡಿಕೊಂಡಾಗ ಮಾತ್ರ ಆ ಹಡಗಿನ ಮೇಲೆ ನಡೆದದ್ದಕ್ಕೆ ಸರಿಯಾದ ಹೆಸರು ಸಿಗುತ್ತದೆ.

ಇನ್ನು ಬೂಟಾಟಿಕೆ ಎಂಬ ಮೊದಲ ತೀರ್ಮಾನ: ಅವನದು ನಟನೆಯಲ್ಲ, ಕುರುಡು. ಈ ಕುರುಡು ಎಷ್ಟು ಆಳವಾಗಿತ್ತೆನ್ನಲು ಒಂದು ಗೋಡೆಬರಹವೇ ಸಾಕ್ಷಿ. ಆಂಗ್ಲಿಕನ್ ಸಭೆಯ ಅಭಿಷೇಕ ಪಡೆದು ನ್ಯೂಟನ್ 1764ರಿಂದ 1780ರವರೆಗೆ ಬಕಿಂಗ್‌ಹ್ಯಾಮ್‌ಶೈರಿನ ಓಲ್ನಿ ಎಂಬ ಊರಿನಲ್ಲಿ ಸಭಾಪಾಲಕನಾಗಿದ್ದ. ಲೇಸ್ ಹೆಣೆದು ಹೊಟ್ಟೆ ಹೊರೆಯುವ ಬಡವರ ಊರು ಅದು. ಅಲ್ಲಿನ ಮನೆಯ ಓದುಕೋಣೆಯ ಗೋಡೆಯ ಮೇಲೆ ಅವನು ಧರ್ಮೋಪದೇಶಕಾಂಡದ ಹದಿನೈದನೆಯ ಅಧ್ಯಾಯದ ಒಂದು ವಾಕ್ಯವನ್ನು ಬರೆಸಿದ್ದ. ಐಗುಪ್ತದೇಶದಲ್ಲಿ ನೀವೂ ದಾಸರಾಗಿದ್ದಿರಿ, ಕರ್ತನು ನಿಮ್ಮನ್ನು ಬಿಡಿಸಿದನು, ಅದನ್ನು ನೆನಪಿನಲ್ಲಿಡಿ ಎಂಬ ಆಜ್ಞೆ ಅದು. ನ್ಯೂಟನ್ ಅದನ್ನು ತನ್ನ ಸ್ವಂತ ಬಿಡುಗಡೆಯ ನೆನಪಿಗಾಗಿ ಬರೆಸಿದ: ಆಫ್ರಿಕಾದ ತೀರದ ದೈನ್ಯದಿಂದ, ಪಾಪದ ದಾಸತ್ವದಿಂದ ದೇವರು ತನ್ನನ್ನು ಬಿಡಿಸಿದ ನೆನಪಿಗಾಗಿ. ಆದರೆ ಆ ಅಧ್ಯಾಯವನ್ನು ತೆರೆದು ಆ ವಾಕ್ಯದ ಹಿಂದಿನ ಮೂರು ವಾಕ್ಯಗಳನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಅವು ಗುಲಾಮರ ಬಿಡುಗಡೆಯ ಕಟ್ಟಳೆ. ಇಬ್ರಿಯ ದಾಸನು ಆರು ವರ್ಷ ದುಡಿದ ಮೇಲೆ ಏಳನೆಯ ವರ್ಷ ಅವನನ್ನು ಬಿಡಬೇಕು, ಬಿಡುವಾಗ ಬರಿಗೈಯಲ್ಲಿ ಕಳಿಸಬಾರದು, ಹಿಂಡಿನಿಂದಲೂ ಕಣದಿಂದಲೂ ದ್ರಾಕ್ಷೆಯ ಆಲೆಯಿಂದಲೂ ಧಾರಾಳವಾಗಿ ಕೊಡಬೇಕು. ನೀವೂ ದಾಸರಾಗಿದ್ದಿರಿ ಎಂಬ ನೆನಪು ಅಲ್ಲಿ ಆ ಕಟ್ಟಳೆಗೆ ಕೊಟ್ಟ ಕಾರಣ. ಜನರನ್ನು ಗುಲಾಮರಾಗಿ ಮಾರಿದ ಮನುಷ್ಯ, ಗುಲಾಮರನ್ನು ಬಿಡಿಸಲು ಹೇಳುವ ವಾಕ್ಯದ ಎದುರು ವರ್ಷಗಟ್ಟಲೆ ಕೂತು ಪ್ರಸಂಗ ಸಿದ್ಧಮಾಡಿದ. ‘ಅಮೇಜಿಂಗ್ ಗ್ರೇಸ್’ ಗೀತೆ ಹುಟ್ಟಿದ್ದೂ ಆ ಊರಿನಲ್ಲೇ, 1773ರ ಹೊಸವರ್ಷದ ದಿನದ ಪ್ರಸಂಗಕ್ಕಾಗಿ. ಅಂದು ಅವನು ಆಯ್ದ ಭಾಗ ಪೂರ್ವಕಾಲವೃತ್ತಾಂತದಲ್ಲಿ ರಾಜ ದಾವೀದ, ಇಷ್ಟು ದೂರ ನನ್ನನ್ನು ನಡೆಸಲು ನಾನೆಷ್ಟರವನು ಎಂದು ದೇವರ ಮುಂದೆ ಕೂತು ಕೇಳುವ ಸಂದರ್ಭ. ಕೃಪೆಗಾಗಿ ಕೃತಜ್ಞತೆ ಅವನಲ್ಲಿ ತುಂಬಿತ್ತು, ಆದರೆ ತನ್ನ ಅತಿ ದೊಡ್ಡ ಪಾಪದ ಹೆಸರು ಅವನ ಬಾಯಿಗೆ ಇನ್ನೂ ಬಂದಿರಲಿಲ್ಲ.

ಆ ಹೆಸರು ಬಂದದ್ದು 1788ರಲ್ಲಿ. ಅಷ್ಟರಲ್ಲಿ ಅವನು ಲಂಡನ್ನಿನ ಸೇಂಟ್ ಮೇರಿ ವುಲ್ನಾತ್ ದೇವಾಲಯದ ಸಭಾಪಾಲಕನಾಗಿದ್ದ, ನಾಡಿನ ಗೌರವಾನ್ವಿತ ಪ್ರಸಂಗಿಗಳಲ್ಲಿ ಒಬ್ಬನಾಗಿದ್ದ. ಅರವತ್ತು ದಾಟಿದ ಆ ವಯಸ್ಸಿನಲ್ಲಿ ಆಫ್ರಿಕಾದ ಗುಲಾಮರ ವ್ಯಾಪಾರದ ಬಗ್ಗೆ ಒಂದು ಕಿರುಪುಸ್ತಕ ಬರೆದು, ಒಂದು ಕಾಲಕ್ಕೆ ತಾನೇ ಆ ಕೆಲಸದ ಕೈಯಾಗಿದ್ದೆನೆಂದು, ಈಗ ಅದನ್ನು ನೆನೆದರೆ ಎದೆ ನಡುಗುತ್ತದೆಂದು ಬಹಿರಂಗವಾಗಿ ಹೇಳಿದ. ಈ ಅರಿಕೆ ತಡವಾಗಿ ಬಂದಿದೆ, ಮಾಡಿದ ಅನ್ಯಾಯವನ್ನು ಇದು ಸರಿಪಡಿಸಲಾರದು ಎಂದೂ ಅವನೇ ಬರೆದ. ಆದರೆ ಪಶ್ಚಾತ್ತಾಪದ ಮಾತಿಗಷ್ಟೇ ನಿಲ್ಲಲಿಲ್ಲ. ಹಡಗಿನ ಒಡಲಲ್ಲಿ ಜನರನ್ನು ಹೇಗೆ ಒತ್ತೊತ್ತಾಗಿ ಮಲಗಿಸುತ್ತಿದ್ದರು, ಹೆಂಗಸರಿಗೆ ನಾವಿಕರಿಂದ ಏನಾಗುತ್ತಿತ್ತು, ಅಳುತ್ತಿದ್ದ ಕೂಸೊಂದನ್ನು ತಾಯಿಯ ತೋಳಿನಿಂದ ಕಿತ್ತು ಹೇಗೆ ಸಮುದ್ರಕ್ಕೆ ಎಸೆದರು ಎಂಬುದನ್ನೆಲ್ಲ ಒಳಗಿನವನ ಖಚಿತತೆಯಿಂದ ದಾಖಲಿಸಿದ. ಅದೇ ವರ್ಷ ಪ್ರಿವಿ ಕೌನ್ಸಿಲ್ ಮುಂದೆ, 1790ರಲ್ಲಿ ಹೌಸ್ ಆಫ್ ಕಾಮನ್ಸ್ ಸಮಿತಿಯ ಮುಂದೆ ಸಾಕ್ಷಿ ನುಡಿದ. ವ್ಯಾಪಾರದ ಪರವಾಗಿದ್ದವರು ಹಡಗುಗಳಲ್ಲಿ ಎಲ್ಲವೂ ಚೆನ್ನಾಗಿದೆಯೆಂದು ಹೇಳುತ್ತಿದ್ದ ಕಾಲದಲ್ಲಿ, ಅಲ್ಲ, ಚೆನ್ನಾಗಿಲ್ಲ, ಏಕೆಂದರೆ ನಾನೇ ಮಾಡಿದ್ದೇನೆ ಎನ್ನಬಲ್ಲವನ ಮಾತಿಗೆ ಬೇರೆಯದೇ ತೂಕವಿತ್ತು.

ಆ ಮಾತನ್ನು ಹೇಳುವ ಧೈರ್ಯ ಅವನಿಗೆ ಎಲ್ಲಿಂದ ಬಂತು? ನನ್ನ ವಾದದ ನಡುಗಂಬ ಈ ಪ್ರಶ್ನೆ. ಸಾಲ ತೀರಿಸಲಾರದವನು ಲೆಕ್ಕದ ಪುಸ್ತಕ ತೆರೆಯುವುದಿಲ್ಲ. ಅಂಗಡಿಯವನು ಸಾಲ ಮನ್ನಾ ಮಾಡಿದ ಮೇಲೆ ಮಾತ್ರ ಅವನು ಒಂದೊಂದೇ ಹಾಳೆ ತಿರುಗಿಸಿ, ಎಷ್ಟು ಬಾಕಿಯಿತ್ತೆಂದು ಓದಬಲ್ಲ. ಮನುಷ್ಯನ ಮನಸ್ಸು ತನ್ನನ್ನು ಸಮರ್ಥಿಸಿಕೊಳ್ಳದೆ ಬದುಕಲಾರದು. ನಮ್ಮ ಯೋಗ್ಯತೆಯೇ ನಮ್ಮ ಆಧಾರವೆಂದು ನಂಬಿರುವವರೆಗೆ ದೊಡ್ಡ ತಪ್ಪನ್ನು ಒಪ್ಪಿಕೊಳ್ಳುವುದೆಂದರೆ ಕಾಲಕೆಳಗಿನ ನೆಲವನ್ನೇ ಅಗೆದಂತೆ. ಆಗ ಮರೆಯುತ್ತೇವೆ, ಚಿಕ್ಕದಾಗಿ ಹೇಳುತ್ತೇವೆ, ಕಾಲದ ಮೇಲೆ ಹೊರಿಸುತ್ತೇವೆ. ಆಧಾರ ನಮ್ಮ ಯೋಗ್ಯತೆಯಲ್ಲ, ಕ್ರಿಸ್ತನಲ್ಲಿ ಸಿಕ್ಕ ಕೃಪೆ ಎಂದು ನಂಬಿದವನಿಗೆ ಮಾತ್ರ ಸಮರ್ಥನೆಯ ಹಂಗು ತಪ್ಪುತ್ತದೆ. ನಂಬಿಕೆಯಿಂದ ನೀತಿವಂತನೆಂದು ಎಣಿಸಲ್ಪಡುವುದು ಎಂಬ ಪೌಲನ ಬೋಧನೆ ಬದುಕಿನಲ್ಲಿ ಮಾಡುವ ಕೆಲಸ ಇದು. ದಾವೀದ ಬತ್ಷೆಬೆಯ ವಿಷಯದಲ್ಲಿ ಮಾಡಿದ್ದನ್ನು ಪ್ರವಾದಿ ನಾತಾನ ಕಥೆಯಾಗಿ ಹೇಳಿದಾಗ, ಆ ಕಥೆಯ ಅಪರಾಧಿಯ ಮೇಲೆ ಕೆರಳಿದ ರಾಜ, ಆ ಮನುಷ್ಯ ನೀನೇ ಎಂದು ಕೇಳಿದ ಮೇಲೆ ತಲೆತಗ್ಗಿಸಿದ. ಅರಸರು ಇಂಥ ಪ್ರವಾದಿಗಳ ತಲೆ ತೆಗೆಸುವುದೇ ಹೆಚ್ಚು. ದೇವರ ಕರುಣೆಯಲ್ಲಿ ನೆಲೆಯಿದ್ದವನಿಗೆ ತಲೆತಗ್ಗಿಸುವ ಶಕ್ತಿಯಿತ್ತು. ನ್ಯೂಟನ್ ಬದುಕಿನಲ್ಲಿ ಕಂಡದ್ದೂ ಅದೇ ಶಕ್ತಿ.

ಇದಕ್ಕೆ ಮೊದಲ ಆಕ್ಷೇಪ ಗಂಭೀರವಾದದ್ದು. 1748ರಿಂದ 1788ಕ್ಕೆ ನಲವತ್ತು ವರ್ಷ. ನಲವತ್ತು ವರ್ಷ ಕಣ್ಣು ತೆರೆಸಲಾರದ ಕೃಪೆಯನ್ನು ಶಕ್ತಿಯೆಂದು ಕರೆಯುವುದು ಹೇಗೆ? ನಿಜವಾಗಿ ಅವನ ಕಣ್ಣು ತೆರೆಸಿದ್ದು 1787ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗುಲಾಮ ವ್ಯಾಪಾರ ವಿರೋಧಿ ಸಂಘ, ಬದಲಾದ ಜನಾಭಿಪ್ರಾಯ ಎನ್ನಬಾರದೇಕೆ? ಚಳವಳಿಯ ಪಾತ್ರವನ್ನು ನಾನು ಅಲ್ಲಗಳೆಯುವುದಿಲ್ಲ. ಕೃಪೆ ಆಕಾಶದಿಂದ ನೇರ ಎದೆಗೆ ಇಳಿಯುತ್ತದೆಂದು ಸತ್ಯವೇದವೂ ಹೇಳುವುದಿಲ್ಲ. ದಾವೀದನಿಗೆ ನಾತಾನ ಬೇಕಾಯಿತು. ಆದರೆ ಜನಾಭಿಪ್ರಾಯ ಬದಲಾದಾಗ ಹಳೆಯ ಕಪ್ತಾನನೊಬ್ಬನಿಗೆ ಸುಲಭದ ದಾರಿ ಯಾವುದು? ಸುಮ್ಮನಿರುವುದು, ಇಲ್ಲವೇ ತನ್ನ ಪಾಲನ್ನು ಮರೆಮಾಡಿ ಹೊಸ ಗುಂಪಿನೊಡನೆ ಕೂಗುವುದು. ಆ ವ್ಯಾಪಾರದಲ್ಲಿ ಕೈಯಾಡಿಸಿದ ಸಾವಿರಾರು ಜನರಲ್ಲಿ ಸ್ವಂತ ಹೆಸರಿಟ್ಟು ಹಾಗೆ ಸಾಕ್ಷಿ ಹೇಳಿದವರು ಬೆರಳೆಣಿಕೆಯಷ್ಟು. ಚಳವಳಿ ಪ್ರಶ್ನೆ ಕೇಳಿತು, ಉತ್ತರಿಸುವ ಬಲ ಬೇರೆ ಕಡೆಯಿಂದ ಬಂತು. ಇನ್ನು ತಡವಾದ ಮಾತು. 1748ರಲ್ಲೇ ತಾನು ಪೂರ್ಣ ಅರ್ಥದಲ್ಲಿ ವಿಶ್ವಾಸಿಯಾದೆನೆಂದು ಹೇಳಲಾರೆ ಎಂದು ನ್ಯೂಟನ್ನೇ ಬರೆದಿದ್ದಾನೆ. ಹೊಸ ಜೀವವನ್ನು ಯೇಸು ಸ್ವಾಮಿ ನಿಕೊದೇಮನಿಗೆ ಹುಟ್ಟು ಎಂದು ವಿವರಿಸಿದರು, ಮತ್ತು ಹುಟ್ಟಿದ ಕೂಸು ಅಂದೇ ನಡೆಯುವುದಿಲ್ಲ. ಆದರೂ ಆ ತಡಕ್ಕೆ ಬೆಲೆ ಕೊಟ್ಟವರು ಬೇರೆಯವರು ಎಂಬುದನ್ನು ಮುಚ್ಚಿಡಬಾರದು. ಅಟ್ಲಾಂಟಿಕ್ ವ್ಯಾಪಾರದಲ್ಲಿ ಹಡಗು ಹತ್ತಿಸಲ್ಪಟ್ಟವರು ಚರಿತ್ರಕಾರರ ಅಂದಾಜಿನಂತೆ ಸುಮಾರು 1.25 ಕೋಟಿ ಜನ, ದಾರಿಯಲ್ಲೇ ಸತ್ತವರು 18 ಲಕ್ಷದಷ್ಟು. ವಿಶ್ವಾಸಿಗಳ ಕಣ್ಣು ತೆರೆಯುವುದು ತಡವಾದಷ್ಟೂ ಆ ಲೆಕ್ಕ ಬೆಳೆಯಿತು. ಕೃಪೆಯ ಕೆಲಸ ನಿಧಾನವೆಂದು ಒಪ್ಪುವುದು ಬೇರೆ, ಆ ನಿಧಾನದಲ್ಲಿ ಹಾಯಾಗಿರುವುದು ಬೇರೆ.

ಎರಡನೆಯ ಆಕ್ಷೇಪ ಪೌಲನಷ್ಟೇ ಹಳೆಯದು. ಕ್ಷಮೆ ಪುಕ್ಕಟೆಯಾದರೆ ಪಾಪಕ್ಕೆ ಅಂಜಿಕೆ ಯಾಕೆ? ಕೃಪೆ ಹೆಚ್ಚಲಿ ಎಂದು ಪಾಪವನ್ನೂ ಹೆಚ್ಚು ಮಾಡೋಣವೇ ಎಂದು ಕೇಳುವವರು ಅವನ ಕಾಲದಲ್ಲೂ ಇದ್ದರು. ರೋಮಾಪುರದವರ ಪತ್ರಿಕೆಯ ಆರನೆಯ ಅಧ್ಯಾಯ ಶುರುವಾಗುವುದೇ ಈ ಪ್ರಶ್ನೆಯಿಂದ. ಪಾಪದ ಪಾಲಿಗೆ ಸತ್ತವರು ಅದರಲ್ಲೇ ಮುಂದುವರಿಯುವುದು ಹೇಗೆಂದು ಅವನು ಮರುಪ್ರಶ್ನೆ ಹಾಕುತ್ತಾನೆ. ಎಫೆಸದ ಪತ್ರಿಕೆಯಲ್ಲಿ ರಕ್ಷಣೆ ಕ್ರಿಯೆಗಳಿಂದ ಬಂದದ್ದಲ್ಲ ಎಂದ ಉಸಿರಿನಲ್ಲೇ, ಸತ್ಕ್ರಿಯೆಗಳಿಗಾಗಿಯೇ ನಾವು ಹೊಸದಾಗಿ ಸೃಷ್ಟಿಯಾದೆವು ಎಂಬ ಮಾತಿದೆ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ಯಾಕೋಬ ಎಚ್ಚರಿಸುತ್ತಾನೆ. ಹಿಟ್ಲರನ ಜರ್ಮನಿಯಲ್ಲಿ ಸಭಾಪಾಲಕ ಡೀಟ್ರಿಚ್ ಬಾನ್‌ಹಾಫರ್ 1937ರ ತನ್ನ ಪುಸ್ತಕದಲ್ಲಿ ಬದುಕನ್ನು ಬದಲಿಸದ ಇಂಥ ಕ್ಷಮೆಯನ್ನೇ ಅಗ್ಗದ ಕೃಪೆ ಎಂದು ಕರೆದ. ಪಾಪಿಯನ್ನು ಬದಲಿಸದೆ ಪಾಪವನ್ನೇ ಸಮರ್ಥಿಸುವ ಕೃಪೆ ಸಭೆಯ ಬದ್ಧವೈರಿ ಎಂಬುದು ಅವನ ವಾದ. 1945ರ ಏಪ್ರಿಲ್‌ನಲ್ಲಿ ನೇಣುಗಂಬವೇರಿ ಅವನು ತನ್ನ ಮಾತಿನ ಬೆಲೆ ತೆತ್ತ. ಅಗ್ಗದ ಕೃಪೆಯನ್ನು ಗುರುತಿಸುವುದಕ್ಕೆ ನನಗೆ ಕಾಣುವ ಒರೆಗಲ್ಲು ನೆನಪೇ. ಅಗ್ಗದ ಕೃಪೆ, ಆದದ್ದಾಯಿತು ಬಿಡು ಎನ್ನುತ್ತದೆ. ನಿಜವಾದ ಕೃಪೆ ಆದದ್ದನ್ನು ಹೆಸರು ಹಿಡಿದು ಕರೆಯುತ್ತದೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು. ನ್ಯೂಟನ್‌ನನ್ನು ದೇವರು ಕ್ಷಮಿಸಿದನೆಂದರೆ ಹಡಗಿನಲ್ಲಿ ಸತ್ತವರನ್ನು ಕೇಳಿದವರಾರು? ಅವರ ಪರವಾಗಿ ಕ್ಷಮಿಸುವ ಹಕ್ಕು ಯಾರಿಗಿದೆ? ಈ ಪ್ರಶ್ನೆಯನ್ನು ಹಗುರಾಗಿ ದಾಟಿಹೋಗುವ ದೈವಶಾಸ್ತ್ರವನ್ನು ನಾನು ನಂಬುವುದಿಲ್ಲ. ಕ್ಷಮೆಯ ಕಥೆಗಳಲ್ಲಿ ನಾವು ಅಪರಾಧಿಯ ಕಣ್ಣೀರನ್ನು ನೋಡುವಷ್ಟು ನೊಂದವರ ಮುಖವನ್ನು ನೋಡುವುದಿಲ್ಲ. ನ್ಯೂಟನ್ ಕಿರುಪುಸ್ತಕವೂ ಆಫ್ರಿಕಾದವರಿಗಿಂತ ಮೊದಲು ಬ್ರಿಟನ್ನಿನ ನಾವಿಕರಿಗಾದ ಹಾನಿಯನ್ನು ಎತ್ತುತ್ತದೆ. ಅದಕ್ಕೆ ಒಂದು ವರ್ಷ ಮುಂಚೆಯೇ, 1787ರಲ್ಲಿ, ಗುಲಾಮನಾಗಿ ಮಾರಲ್ಪಟ್ಟಿದ್ದ ಒಟ್ಟೊಬಾ ಕುಗೊವಾನೊ ಲಂಡನ್ನಿನಲ್ಲಿ ತನ್ನ ಪುಸ್ತಕ ಪ್ರಕಟಿಸಿ, ಸುಮ್ಮನಿರುವವರೂ ಈ ಪಾಪದಲ್ಲಿ ಪಾಲುದಾರರೆಂದು ವಾದಿಸಿದ್ದ. 1789ರಲ್ಲಿ ಓಲೌಡಾ ಇಕ್ವಿಯಾನೊ ತನ್ನ ಆತ್ಮಕಥೆ ಪ್ರಕಟಿಸಿದ. ಇಬ್ಬರೂ ಕ್ರೈಸ್ತರು. ಇಕ್ವಿಯಾನೊ ತನ್ನ ಮನಪರಿವರ್ತನೆಯನ್ನೂ, ಕ್ರಿಸ್ತನ ಕೃಪೆಯಲ್ಲಿ ಕಂಡ ಸಮಾಧಾನವನ್ನೂ ವಿವರವಾಗಿ ಬರೆದ. ಅದೇ ಪುಸ್ತಕದಲ್ಲಿ ಹೆಸರಿಗೆ ಮಾತ್ರ ಕ್ರೈಸ್ತರಾದವರನ್ನು, ನಿಮ್ಮ ದೇವರು ಇದನ್ನು ಕಲಿಸಿದನೇ ಎಂದು ನೇರವಾಗಿ ಪ್ರಶ್ನಿಸಿದ. ಅವನ ಪಾಲಿಗೆ ಕೃಪೆ ನೊಂದವನ ಬಾಯಿ ಮುಚ್ಚಿಸಲಿಲ್ಲ. ತಾನು ಯಾರ ಸರಕೂ ಅಲ್ಲ, ದೇವರ ಮಗ ಎಂಬ ಅರಿವು ಕೊಟ್ಟು ಅದು ಅವನ ಬಾಯಿ ತೆರೆಸಿತು. ದೇವರ ಕ್ಷಮೆ ನೊಂದವರ ಮೇಲೆ ಕ್ಷಮಿಸುವ ಬಲವಂತ ಹೇರುವುದಿಲ್ಲ, ಅಪರಾಧಿಯ ಬಾಕಿಯನ್ನು ಅವರಿಂದ ವಸೂಲು ಮಾಡುವುದೂ ಇಲ್ಲ. ಸುಂಕದ ಜಕ್ಕಾಯನ ಮನೆಗೆ ಯೇಸು ಸ್ವಾಮಿ ಕರೆಯದೆ ಹೋದರು, ಅದು ಕೃಪೆ. ಮೋಸದಿಂದ ಕಸಿದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಜಕ್ಕಾಯ ಎದ್ದು ನಿಂತ, ಅದು ಕೃಪೆಯ ಫಲ. ಸತ್ತವರಿಗೆ ಹಿಂದಿರುಗಿಸಲಾಗದೆಂದು ನ್ಯೂಟನ್‌ಗೆ ಗೊತ್ತಿತ್ತು. ಉಳಿದಿದ್ದದ್ದು ಸತ್ಯದ ಸಾಕ್ಷಿಯೊಂದೇ, ಅದನ್ನು ಅವನು ಕೊಟ್ಟ.

ಇಷ್ಟಾದರೂ ಒಂದು ಸಂಶಯ ಉಳಿಯುತ್ತದೆ. ಈ ಕೃಪೆಯೆಲ್ಲ ಮನಸ್ಸಿನ ಒಂದು ಉಲ್ಲಾಸವೇ ಇರಬಹುದಲ್ಲ? ಓಲ್ನಿಯಲ್ಲೇ ಇದಕ್ಕೆ ಉತ್ತರವಿದೆ. ಕವಿ ವಿಲಿಯಂ ಕೂಪರ್ ಅಲ್ಲಿ ನ್ಯೂಟನ್‌ನ ನೆರೆಯವನು, ಆಪ್ತಸ್ನೇಹಿತ. ಇಬ್ಬರೂ ಸೇರಿ ಬರೆದ ‘ಓಲ್ನಿ ಹಿಮ್ಸ್’ ಎಂಬ ಗೀತಸಂಗ್ರಹ 1779ರಲ್ಲಿ ಬಂತು. 1773ರ ಆರಂಭದಲ್ಲಿ ಕೂಪರ್ ತೀವ್ರ ಖಿನ್ನತೆಗೆ ಬಿದ್ದ. ದೇವರು ತನ್ನನ್ನು ಕೈಬಿಟ್ಟಿದ್ದಾನೆಂಬ ಭಾವ ಅವನನ್ನು ಸಾಯುವವರೆಗೆ ಬಿಡಲಿಲ್ಲ. ನ್ಯೂಟನ್ ಅವನಿಗೆ ನಂಬಿಕೆ ಸಾಲದೆಂದು ಬುದ್ಧಿ ಹೇಳಲು ಹೋಗಲಿಲ್ಲ. ಅವನನ್ನು ತನ್ನ ಮನೆಗೇ ಕರೆತಂದು ಒಂದು ವರ್ಷಕ್ಕೂ ಹೆಚ್ಚು ಕಾಲ ನೋಡಿಕೊಂಡ. ಕೃಪೆಯ ಭಾವನೆಯೇ ಆರಿಹೋದ ಆ ಕೂಪರ್ 1788ರಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಕವಿತೆಗಳನ್ನೂ ಬರೆದ. ಒಬ್ಬನಿಗೆ ಕೃಪೆಯ ಹಿಗ್ಗಿತ್ತು, ಇನ್ನೊಬ್ಬನಿಗೆ ಇರಲಿಲ್ಲ. ಇಬ್ಬರ ಲೇಖನಿಯೂ ನ್ಯಾಯದ ಕಡೆಗೇ ಹರಿಯಿತು. ಹೊಸ ಜೀವವನ್ನು ಎದೆಯ ಬಿಸಿಯಿಂದ ಅಳೆಯಬಾರದು, ಅದು ಯಾರ ಕಡೆ ಮುಖ ಮಾಡಿಸುತ್ತದೆ ಎಂಬುದರಿಂದ ಅಳೆಯಬೇಕು.

ನಮ್ಮ ಗಾದೆಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಮಾಡಿದ್ದನ್ನು ಉಣ್ಣಲೇಬೇಕೆಂಬುದನ್ನು ಕ್ರೈಸ್ತ ಬೋಧನೆ ನಿರಾಕರಿಸುವುದಿಲ್ಲ. ಬಿತ್ತಿದ್ದನ್ನೇ ಕೊಯ್ಯುವಿರಿ ಎಂದು ಗಲಾತ್ಯದವರಿಗೆ ಬರೆದವನು ಕೃಪೆಯ ಅಪೊಸ್ತಲನಾದ ಪೌಲನೇ. ಕ್ಷಮೆ ಸಿಕ್ಕ ಮೇಲೂ ದಾವೀದನ ಮನೆಯಿಂದ ಕತ್ತಿ ತೊಲಗಲಿಲ್ಲ, ನ್ಯೂಟನ್ ಎದೆಯಿಂದ ಆ ಹಡಗುಗಳು ತೊಲಗಲಿಲ್ಲ. ತನ್ನ ಕರ್ಮದ ಫಲವನ್ನು ಉಣ್ಣುವವನು ಒಂಟಿಯಾಗಿ, ಹತಾಶನಾಗಿ ಉಣ್ಣಬೇಕಾಗಿಲ್ಲ, ಆ ಫಲವೇ ಅವನ ಬದುಕಿನ ಕೊನೆಯ ಮಾತಾಗಬೇಕಾಗಿಲ್ಲ ಎಂಬುದಷ್ಟೇ ಕೃಪೆಯ ವಾದ. ತನ್ನ ಯೋಗ್ಯತೆಯಿಂದಲ್ಲ, ದೇವರ ಕರುಣೆಯಿಂದಲೇ ಬದುಕು ಎಂಬ ಅರಿವು ನಮ್ಮ ಶರಣರಿಗೂ ದಾಸರಿಗೂ ಹೊಸದಲ್ಲ. ಆದ್ದರಿಂದಲೇ ಈ ಮಾತು ಕನ್ನಡದ ಕಿವಿಗೆ ಪರಕೀಯವೆನಿಸುವುದಿಲ್ಲ.

ಗುಲಾಮಗಿರಿಯೂ ನಮಗೆ ಪರಕೀಯವಲ್ಲ. ಕೊಡಗಿನಲ್ಲಿ ಹೊಲೆಯ ಸಮುದಾಯದ ಜನ ತಲೆತಲಾಂತರದಿಂದ ಒಡೆಯರ ಜಮೀನಿಗೆ ಕಟ್ಟುಬಿದ್ದ ಆಳುಗಳಾಗಿದ್ದರು. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅದರ ಮಿಷನರಿ ಹರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಹೋದಾಗ ಸುವಾರ್ತೆಗೆ ಕಿವಿಗೊಟ್ಟವರಲ್ಲಿ ಅವರೇ ಮುಖ್ಯರು. ಅವರಿಗಾಗಿ ಕಟ್ಟಿದ ಆನಂದಪುರ ಇಂದಿಗೂ ಇದೆ. ಪಾಪದ ದಾಸತ್ವದಿಂದ ಬಿಡುಗಡೆ ಎಂಬ ಬೋಧನೆಯನ್ನು, ದಾಸತ್ವವನ್ನು ಬೆನ್ನಮೇಲೆ ಹೊತ್ತವರು ಕೇಳಿದ ರೀತಿಯೇ ಬೇರೆ ಇದ್ದಿರಬೇಕು. ಹಾಗಿದ್ದೂ ಜಾತಿ ನಮ್ಮ ಸಭೆಗಳ ಹೊಸ್ತಿಲಲ್ಲಿ ನಿಂತುಬಿಡಲಿಲ್ಲ. ಮದುವೆಯ ಮಾತುಕತೆಯಲ್ಲಿ, ಸಭೆಯ ಚುನಾವಣೆಯಲ್ಲಿ ಅದು ಇಂದೂ ಉಸಿರಾಡುತ್ತಿದೆ. ಜೀತವನ್ನು 1976ರ ಕಾನೂನು ನಿಷೇಧಿಸಿದೆ. ಆದರೂ ಜಾತಿಗೆ ಕಟ್ಟುಬಿದ್ದ ದುಡಿಮೆ ಹೋಗಿಲ್ಲ: ಮ್ಯಾನ್‌ಹೋಲಿಗೆ ಇಳಿದು ಸಾಯುವವರು ಯಾವ ಕೇರಿಯವರೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕೃಪೆಯ ಗೀತೆಯನ್ನು ಹೃದಯತುಂಬಿ ಹಾಡುತ್ತಲೇ ಇದನ್ನೆಲ್ಲ ಕಾಣದಿರುವುದು ಸಾಧ್ಯ ಎಂಬುದಕ್ಕೆ ಆ ಗೀತೆ ಬರೆದವನ ಬದುಕೇ ಪುರಾವೆ.

ಬ್ರಿಟಿಷ್ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದು 1807ರ ಮಾರ್ಚ್‌ನಲ್ಲಿ, ನ್ಯೂಟನ್ ತೀರಿಕೊಂಡದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಆ ಕಾನೂನಿಗಾಗಿ ಇಪ್ಪತ್ತು ವರ್ಷ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್ 1785ರಲ್ಲಿ, ವಿಶ್ವಾಸಿಯಾದ ಮೇಲೆ ರಾಜಕೀಯ ಬಿಡಬೇಕೇ ಎಂಬ ತೊಳಲಾಟದಲ್ಲಿ ಗುಟ್ಟಾಗಿ ಅವನ ಬಳಿ ಬಂದಿದ್ದ. ಇದ್ದಲ್ಲೇ ಇದ್ದು ದೇವರ ಕೆಲಸ ಮಾಡು ಎಂಬ ಸಲಹೆ ಅವನಿಗೆ ಸಿಕ್ಕಿತು. ಕ್ಷಮೆ ಪಡೆದವನು ಲೋಕದಿಂದ ಕಳಚಿಕೊಳ್ಳುವುದಿಲ್ಲ, ಲೋಕದ ಗಾಯದ ಕಡೆಗೇ ತಿರುಗುತ್ತಾನೆ. ಹಾಗಾಗಿ ಭಾನುವಾರದ ಪಾಪದ ಅರಿಕೆಯಲ್ಲಿ ಈಗ ನನಗೆ ಮುಖ್ಯವೆನಿಸುವುದು ಗೊತ್ತಿರುವ ತಪ್ಪುಗಳ ಪಟ್ಟಿಗಿಂತ, ಇನ್ನೂ ಗೊತ್ತಾಗದವುಗಳಿಗಾಗಿ ಮಾಡುವ ಬೇಡಿಕೆ. ಕೃಪೆ ನಿಜವಾದರೆ ಅವುಗಳನ್ನು ಕಾಣಲು ನಾವು ಹೆದರಬೇಕಿಲ್ಲ. ಕಂಡ ಮೇಲೆ ಹೆಸರು ಹೇಳದೆ, ಸಾಧ್ಯವಿದ್ದಷ್ಟನ್ನು ಹಿಂದಿರುಗಿಸದೆ ಇದ್ದರೆ ನಾವು ಪಡೆದದ್ದು ಕೃಪೆಯಲ್ಲ.